ಕೆರೆಯ ಲೆಕ್ಕ, ಕೇರಿಯ ಲೆಕ್ಕ



ಹೋದ ತಿಂಗಳ ಸಭೆಯಲ್ಲಿ ಒಂದು ಮಾತು ಬಂತು. ಗೊಟ್ಟಿಗೆರೆ ಕೆರೆ ಉಳಿಸಬೇಕು ಅಂತ ಸುತ್ತಲಿನ ಅಪಾರ್ಟ್‌ಮೆಂಟಿನವರು ಸಹಿ ಸಂಗ್ರಹ ಮಾಡುತ್ತಿದ್ದಾರೆ, ನಾವೂ ಸಹಿ ಹಾಕೋಣವೇ ಎಂದು ನಾನು ಕೇಳಿದೆ. ನಾನು ಅಣ್ಣ ಎಂದೇ ಕರೆಯುವ ನಮ್ಮ ಹಿರಿಯರೊಬ್ಬರು ಎದ್ದು ನಿಂತರು. "ತಮ್ಮಾ, ಕೆರೆ ಉಳಿಸೋದು ಬೆಳಿಗ್ಗೆ ಷೂ ಹಾಕ್ಕೊಂಡು ವಾಕಿಂಗ್ ಹೋಗೋರ ಕೆಲಸ. ನಮ್ಮ ಜನಕ್ಕೆ ಕಾಲು ಚಾಚಿ ಮಲಗೋಕೆ ಜಾಗ ಇಲ್ಲ. ಆ ಕೆರೆ ಅಂಗಳದಲ್ಲಿ ನೂರು ಸೈಟು ಮಾಡಿ ಕೊಡ್ಲಿ, ಆಮೇಲೆ ಬಾತುಕೋಳಿ ವಿಚಾರ ಮಾತಾಡೋಣ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮನೆಗೆ ಬಂದು ಮಲಗಿದರೆ ನಿದ್ದೆ ಹತ್ತಲಿಲ್ಲ. ಬಾತುಕೋಳಿಯ ಬಗ್ಗೆ ನಾನು ಒಂದು ಪದ್ಯವನ್ನೇ ಬರೆದವನು. ಬಿ.ಎ. ಓದುವಾಗ ಕಾಲೇಜು ಮ್ಯಾಗಜೀನಿನಲ್ಲಿ ಅಚ್ಚಾಗಿತ್ತು. ಕೆರೆಯ ಕನ್ನಡಿ, ಚಂದ್ರ ಮುಖ ನೋಡಿಕೊಂಡ ಅಂತೆಲ್ಲ ಇತ್ತು. ಅವ್ವನಿಗೆ ಓದಿ ಹೇಳಿದೆ. ಸೊಪ್ಪು ಬಿಡಿಸುತ್ತಾ ಕೂತಿದ್ದವಳು, "ಚಂದ್ರನ್ನ ಬರ್ದಿದ್ದೀಯ ಸರಿ ಕಣಪ್ಪ, ನಿಮ್ ತಾತನ್ನ ಯಾಕೆ ಬರೀಲಿಲ್ಲ?" ಅಂದಳು. ನಮ್ಮ ತಾತ ಈ ಕಡೆಯ ಒಂದು ಕೆರೆಗೆ ನೀರುಗಂಟಿಯಾಗಿದ್ದ. ಆ ಪದ್ಯವನ್ನು ನಾನು ಮತ್ತೆ ಯಾರಿಗೂ ಓದಿ ಹೇಳಿಲ್ಲ. ಅದರ ಬದಲಿಗೆ ಈ ಲೇಖನ. ಅಣ್ಣನಿಗೆ ಸಭೆಯಲ್ಲಿ ಕೊಡಲಾರದೆ ಹೋದ ಉತ್ತರವೂ ಹೌದು.

ನೀರುಗಂಟಿ ಅಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಬೆಂಗಳೂರು, ಕೋಲಾರ ಸೀಮೆಯ ಬಹಳಷ್ಟು ಊರುಗಳಲ್ಲಿ ಈ ಕೆಲಸ ನಮ್ಮವರದು. ಮಳೆ ಹಿಡಿದ ರಾತ್ರಿ ಊರೆಲ್ಲ ಹೊದ್ದು ಮಲಗಿದ್ದಾಗ ಲಾಟೀನು ಹಿಡಿದು ಏರಿಯ ಮೇಲೆ ನಡೆಯುವವನು ಅವನು. ಏರಿಯಲ್ಲಿ ಏಡಿ ಬಿಲ ಬಿದ್ದಿದೆಯೋ, ಹೆಗ್ಗಣ ತೋಡಿದೆಯೋ ನೋಡಿ ಮಣ್ಣು ತುಂಬಬೇಕು. ಕೋಡಿಯಲ್ಲಿ ಕಸ ಸಿಕ್ಕಿಕೊಂಡರೆ ಬಿಡಿಸಬೇಕು. ತೂಬು ಎತ್ತುವ ದಿನ ಎದೆಮಟ್ಟ ನೀರಿಗೆ ಇಳಿಯಬೇಕು. ಅಚ್ಚುಕಟ್ಟಿನ ಯಾವ ಗದ್ದೆಗೆ ಯಾವ ಹೊತ್ತಿಗೆ ಎಷ್ಟು ನೀರು ಎಂಬುದು ಅವನ ತಲೆಯಲ್ಲಿ ಇರುತ್ತಿತ್ತು. ನೀರು ಕಮ್ಮಿಯಾದ ವರ್ಷ ಗೌಡರ ಗದ್ದೆಗೂ ಬಡವನ ಗದ್ದೆಗೂ ಹಂಚುವ ಲೆಕ್ಕ ಅವನದೇ. ಇಷ್ಟೆಲ್ಲ ಮಾಡಿದವನು ಸುಗ್ಗಿಯಲ್ಲಿ ಕಣದಿಂದ ದೂರ ನಿಂತು ಆಯ ಇಸಿದುಕೊಳ್ಳಬೇಕಿತ್ತು. ಅವನು ಬಿಟ್ಟ ನೀರಲ್ಲಿ ಬೆಳೆದ ಭತ್ತ ಮೈಲಿಗೆಯಲ್ಲ. ಅವನು ಊರ ಬಾವಿಯ ಹಗ್ಗ ಮುಟ್ಟಿದರೆ ಮಾತ್ರ ಮೈಲಿಗೆ!

ಅಣ್ಣಾ, ಕೆರೆ ನಮ್ಮ ವಿಚಾರ ಅಲ್ಲ ಅಂತ ಹೇಗೆ ಹೇಳೋದು? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಮಹಾಡದಲ್ಲಿ ನಡೆದು ಹೋದದ್ದು ಚವದಾರ್ ಕೆರೆಗೆ. ಊರಿನ ಮುನಿಸಿಪಾಲಿಟಿ ಅದು ಎಲ್ಲರಿಗೂ ಮುಕ್ತ ಅಂತ ಮೊದಲೇ ಠರಾವು ಮಾಡಿತ್ತು. ಠರಾವು ಕಾಗದದಲ್ಲಿತ್ತು, ನೀರು ಸವರ್ಣೀಯರ ಕೈಯಲ್ಲಿತ್ತು. ನಮ್ಮವರು ಬೊಗಸೆ ನೀರು ಕುಡಿದಿದ್ದಕ್ಕೆ ತಲೆ ಒಡೆದರು. ಆಮೇಲೆ ನೂರೆಂಟು ಗಡಿಗೆಯಲ್ಲಿ ಸಗಣಿ, ಗಂಜಲ ಸುರಿದು ಕೆರೆಯನ್ನು "ಶುದ್ಧ" ಮಾಡಿದರು. ಕೋರ್ಟಿನಲ್ಲಿ ಆ ವ್ಯಾಜ್ಯ ಮುಗಿಯಲು 1937ರ ತನಕ ಕಾಯಬೇಕಾಯಿತು. ಕೆರೆಯ ಪ್ರಶ್ನೆ ಬಾತುಕೋಳಿಯ ಪ್ರಶ್ನೆ ಅಂತ ಬಾಬಾಸಾಹೇಬರು ತಿಳಿದಿರಲಿಲ್ಲ.

ಈಗ ನಮ್ಮ ಗೊಟ್ಟಿಗೆರೆಗೆ ಬರೋಣ. ಹೆಸರಿನಲ್ಲೇ ಕೆರೆ ಇದೆ. ಪಕ್ಕದ ಅರಕೆರೆಯ ಹೆಸರಲ್ಲೂ ಇದೆ. ಬೆಂಗಳೂರಿಗೆ ಹೊಳೆ ಇಲ್ಲ. ಅದಕ್ಕೇ ಹಿಂದಿನವರು ಇಳಿಜಾರು ನೋಡಿ ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ. ಗೊಟ್ಟಿಗೆರೆ ಈ ಸಾಲಿನಲ್ಲಿ ಮೇಲಿನದು, ಸುಮಾರು 37 ಎಕರೆ. ಇಲ್ಲಿಂದ ಹುಳಿಮಾವು, ಅಲ್ಲಿಂದ ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು. ಅಲ್ಲಿಂದ ದಕ್ಷಿಣ ಪಿನಾಕಿನಿ ಸೇರಿ ನೀರು ತಮಿಳುನಾಡಿಗೆ ಹೋಗುತ್ತದೆ. ಇದನ್ನು ಕಟ್ಟಿದವರ ಹೆಸರು ಶಾಸನದಲ್ಲಿ ಸಿಕ್ಕಬಹುದು. ಮಂಕರಿ ಹೊತ್ತವರ ಹೆಸರು ಎಲ್ಲಿಯೂ ಸಿಕ್ಕುವುದಿಲ್ಲ.

1890ರ ದಶಕದಲ್ಲಿ ಹೆಸರಘಟ್ಟದಿಂದ, ಆಮೇಲೆ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಪಟ್ಟಣಕ್ಕೆ ಕೊಳಾಯಿ ನೀರು ಬಂತು. ನಲ್ಲಿ ತಿರುಗಿಸಿದರೆ ನೀರು ಬರುವವನಿಗೆ ಕೆರೆ ಯಾಕೆ ಬೇಕು? ಅವನಿಗೆ ಕೆರೆ ಖಾಲಿ ಜಾಗದ ಹಾಗೆ ಕಂಡಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯಿತು. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಚಲ್ಲಘಟ್ಟ ಕೆರೆಯಲ್ಲಿ ದೊರೆಗಳು ಗಾಲ್ಫ್ ಆಡುತ್ತಾರೆ. ಕೋರಮಂಗಲದಲ್ಲಿ ಕೆರೆಯ ಜಾಗಕ್ಕೆ ರಾಷ್ಟ್ರೀಯ ಕ್ರೀಡಾಗ್ರಾಮ ಬಂತು. ಇದರಲ್ಲಿ ಒಂದನ್ನಾದರೂ ಗುಡಿಸಲಿನವನು ನುಂಗಿದನೇ? ಎಲ್ಲವೂ ಪ್ಲಾನು ಹಾಕಿ, ಮಂಜೂರಾಗಿ, ಟೇಪು ಕತ್ತರಿಸಿ ಉದ್ಘಾಟನೆ ಆದದ್ದು. ಬಿಡಿಎಯೇ ಕೆರೆ ಅಂಗಳಗಳಲ್ಲಿ ಬಡಾವಣೆ ಮಾಡಿ ಸೈಟು ಹಂಚಿದ್ದನ್ನು ಶಾಸಕರ ಸಮಿತಿಗಳೇ ವರದಿಯಲ್ಲಿ ಬರೆದಿವೆ.

ಸರ್ಕಾರಕ್ಕೆ ಇದೆಲ್ಲ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. 1985ರಲ್ಲೇ ಲಕ್ಷ್ಮಣ ರಾವ್ ಅವರ ಸಮಿತಿ ಕೂತಿತ್ತು. ಕೆರೆ ಒಡೆಯಬೇಡಿ, ಕೊಳಚೆ ಬಿಡಬೇಡಿ, ಒತ್ತುವರಿ ಬಿಡಿಸಿ ಅಂತ ಬರೆದು ಕೊಟ್ಟಿತು. ಆಮೇಲೆ ರಾಮಸ್ವಾಮಿ ಸಮಿತಿ, ಬಾಲಸುಬ್ರಮಣಿಯನ್ ಕಾರ್ಯಪಡೆ, ನ್ಯಾಯಮೂರ್ತಿ ಪಾಟೀಲರ ಸಮಿತಿ, ಕೋಳಿವಾಡ ಸಮಿತಿ. ಆ ವರದಿಗಳನ್ನೆಲ್ಲ ಒಂದರ ಮೇಲೊಂದು ಒಟ್ಟಿದ್ದರೆ ಒಂದು ಸಣ್ಣ ಏರಿಯೇ ಆಗುತ್ತಿತ್ತು.

ಇಲ್ಲಿ ನಮ್ಮ ಮನೆಯ ಲೆಕ್ಕ ಬರುತ್ತದೆ. 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಆಯಿತು, 1963ರಲ್ಲಿ ಜಾರಿಗೆ ಬಂತು. ಶಾನುಭೋಗ, ಪಟೇಲ, ತೋಟಿ, ತಳವಾರ, ನೀರುಗಂಟಿ ಎಲ್ಲರ ವಂಶಪಾರಂಪರ್ಯ ಚಾಕರಿ ಹೋಯಿತು. ಒಳ್ಳೆಯದೇ ಆಯಿತು. ಹುಟ್ಟಿನಿಂದ ಚಾಕರಿ ಯಾರಿಗೆ ಬೇಕು? ಆದರೆ ಶಾನುಭೋಗರ ಕೆಲಸಕ್ಕೆ ಸಂಬಳದ ಗ್ರಾಮ ಲೆಕ್ಕಿಗ ಬಂದ. ಬಹಳ ಕಡೆ ಶಾನುಭೋಗರ ಮನೆಯ ಹುಡುಗನೇ ಆ ಕುರ್ಚಿಯಲ್ಲಿ ಕೂತ. ನಮ್ಮ ತಾತನ ಕೆಲಸಕ್ಕೆ? ಅದು ಒಂದು ಕೆಲಸ ಎಂದು ಕೂಡ ಯಾರಿಗೂ ಅನಿಸಲಿಲ್ಲ. ಏರಿ ನೋಡುವವನಿಗೆ, ತೂಬು ಎತ್ತುವವನಿಗೆ ಸಂಬಳದ ಹುದ್ದೆ ಹುಟ್ಟಲಿಲ್ಲ. ಚಾಕರಿ ಹೋಯಿತು, ಕೆರೆ ನೋಡುವ ಕಣ್ಣೂ ಹೋಯಿತು. ಆಮೇಲೆ ಕೆರೆಗಳು ಕಂದಾಯ ಇಲಾಖೆ, ಸಣ್ಣ ನೀರಾವರಿ, ಅರಣ್ಯ, ಬಿಡಿಎ, ಪಾಲಿಕೆ ಅಂತ ಕೈಯಿಂದ ಕೈಗೆ ದಾಟಿದವು. ಒಂದು ಕೈಯೂ ಒದ್ದೆಯಾಗಲಿಲ್ಲ.

ಇನಾಮ್ತಿ ಜಮೀನಿನ ಕತೆ ಕೇಳಿ. ಕಾಯಿದೆ ಪ್ರಕಾರ ಚಾಕರಿ ಮಾಡುತ್ತಿದ್ದವರಿಗೆ ಆ ಜಮೀನು ಮರುಮಂಜೂರಾಗಬೇಕು. ಕೆಲವರಿಗೆ ಆಯಿತು, ಕೆಲವರಿಗೆ ಅರ್ಜಿ ಹಾಕಬೇಕು ಎಂಬುದೇ ಗೊತ್ತಾಗಲಿಲ್ಲ. ಆದ ಜಮೀನೂ ಎಷ್ಟು ದಿನ ಉಳಿಯಿತು? ನಮ್ಮ ತಾತ ಹೆಬ್ಬೆಟ್ಟು ಒತ್ತಿದ್ದು ಮಗಳ ಮದುವೆ ಸಾಲದ ಪತ್ರಕ್ಕೆ ಅಂದುಕೊಂಡು. ಅದು ಕ್ರಯಪತ್ರವಾಗಿತ್ತು. ಈಗ ಆ ಜಾಗದಲ್ಲಿ ಮೂರು ಅಂತಸ್ತಿನ ಮನೆಗಳಿವೆ. ಅದರಲ್ಲಿ ಒಂದು ಮನೆಯಲ್ಲಿ ಅವ್ವ ಪಾತ್ರೆ ತೊಳೆಯುತ್ತಾಳೆ. ಆ ಮನೆಯವರು ಒಳ್ಳೆಯವರೇ, ಅವರಿಗೆ ಈ ಕತೆ ಗೊತ್ತಿಲ್ಲ.

ದಲಿತರಿಗೆ ಮಂಜೂರಾದ ಭೂಮಿ ಪರಭಾರೆ ಆಗಬಾರದು ಅಂತ 1978ರ ಕಾಯಿದೆ ಇದೆಯಲ್ಲ, ಪಿಟಿಸಿಎಲ್, ಅದರಲ್ಲಿ ಬಿಡಿಸಿಕೊಳ್ಳಬಹುದು ಅಂತ ನಾನು ಬಹಳ ಆಸೆಯಿಂದ ಲೈಬ್ರರಿಯಲ್ಲಿ ಕೂತು ಓದಿದೆ. "ಮಂಜೂರಾದ ಭೂಮಿ" ಅಂದರೆ ಏನು ಎಂದು ಹೇಳುವ ಕಲಮಿನಲ್ಲೇ ಒಂದು ಸಾಲು ಕೂತಿದೆ. ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ್ದು ಇದರಲ್ಲಿ ಸೇರುವುದಿಲ್ಲ ಅಂತ. ಅಂದರೆ ತಲೆತಲಾಂತರ ಕೆರೆ ಕಾದದ್ದಕ್ಕೆ ಬಂದ ಜಮೀನಿಗೆ ಆ ಕಾಯಿದೆಯ ರಕ್ಷಣೆ ಇಲ್ಲ. 2023ರ ತಿದ್ದುಪಡಿಗಾಗಿ ನಮ್ಮ ಜನ ದಿನಗಟ್ಟಲೆ ಧರಣಿ ಕೂತು ಕಾಲಮಿತಿಯ ಅಡ್ಡಿ ತೆಗೆಸಿದರು, ದೊಡ್ಡ ಗೆಲುವು. ಆದರೆ ಆ ಒಂದು ಸಾಲಿನ ಬಗ್ಗೆ ನಮ್ಮ ಸಭೆಗಳಲ್ಲೂ ಮಾತು ಬರುವುದು ಕಮ್ಮಿ.

2007ರಲ್ಲಿ ಬಿಬಿಎಂಪಿ ಹುಟ್ಟಿ ಸುತ್ತಲ ಹಳ್ಳಿಗಳನ್ನು ಒಳಗೆ ಹಾಕಿಕೊಂಡಾಗ ಗೊಟ್ಟಿಗೆರೆಯೂ ಪಟ್ಟಣವಾಯಿತು. ಕೆರೆಯ ಪಕ್ಕದಲ್ಲೇ ನೈಸ್ ರಸ್ತೆ. ಬನ್ನೇರುಘಟ್ಟ ರಸ್ತೆಯ ನೆತ್ತಿಯ ಮೇಲೆ ಮೆಟ್ರೋ ಕಂಬ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೂ ಹೋಗಿ ಐದು ಪಾಲಿಕೆಗಳಾದವು. ಬೋರ್ಡು ಬದಲಾಯಿತು. ನೀರು ಮಾತ್ರ ಯಾವ ಪಾಲಿಕೆಯ ಗಡಿಯನ್ನೂ ನೋಡದೆ ಇಳಿಜಾರಿಗೆ ಹರಿಯುತ್ತದೆ.

ಇಳಿಜಾರಿನಲ್ಲಿ ಯಾರಿದ್ದಾರೆ? ಅಣ್ಣಾ, ಇದಕ್ಕೆ ನೀವೇ ಉತ್ತರ ಹೇಳಿ. ದಿಣ್ಣೆಯ ಮೇಲೆ ಊರು, ತಗ್ಗಿನಲ್ಲಿ ಕೇರಿ. ಈಗ ದಿಣ್ಣೆಯ ಮೇಲೆ ಅಪಾರ್ಟ್‌ಮೆಂಟು, ರಾಜಕಾಲುವೆಯ ಬಾಯಲ್ಲಿ ತಗಡಿನ ಶೆಡ್ಡು. ಅದರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದ ನಮ್ಮದೇ ಜನ.

2019ರ ನವೆಂಬರ್ 24, ಭಾನುವಾರ. ನಮ್ಮ ಕೆಳಗಿನ ಹುಳಿಮಾವು ಕೆರೆಯ ಏರಿ ಒಡೆಯಿತು. ಅವತ್ತು ದೊಡ್ಡ ಮಳೆ ಏನೂ ಇರಲಿಲ್ಲ. ಏರಿಯ ಹತ್ತಿರ ಅಗೆತ ನಡೆದಿತ್ತು. ನೂರಾರು ಮನೆಗೆ ನೀರು ನುಗ್ಗಿತು. ಅಕ್ಕಿ, ಬಟ್ಟೆ, ಮಕ್ಕಳ ಪುಸ್ತಕ, ರೇಷನ್ ಕಾರ್ಡು ಎಲ್ಲ ನೀರಲ್ಲಿ. ಆಮೇಲೆ ಇಲಾಖೆಗಳು ಒಂದರ ಕಡೆ ಒಂದು ಬೆರಳು ತೋರಿಸಿದವು. ಒಬ್ಬ ನೀರುಗಂಟಿ ಆ ಏರಿಯ ಮೇಲೆ ಸಂಬಳಕ್ಕೆ ಇದ್ದಿದ್ದರೆ ಅಗೆಯುವ ಯಂತ್ರ ಅಲ್ಲಿಗೆ ಹತ್ತಲು ಬಿಡುತ್ತಿದ್ದನೇ? ಏರಿ ಅಂದರೆ ಏನು ಅಂತ ಗೊತ್ತಿರುವ ಒಬ್ಬ ಮನುಷ್ಯ ಅಲ್ಲಿರಲಿಲ್ಲ. ನಮ್ಮ ತಾತ ಬದುಕಿದ್ದಾಗ ಏರಿಯ ಮೇಲೆ ಎಮ್ಮೆ ಹತ್ತಿದರೂ ಬೈಯುತ್ತಿದ್ದ.

ಅದಕ್ಕೂ ಮೊದಲು 2016ರ ಜುಲೈ ಕೊನೆಯಲ್ಲಿ ಕೋಡಿಚಿಕ್ಕನಹಳ್ಳಿ ಮುಳುಗಿತ್ತು. ರಸ್ತೆಯ ಮೇಲೆ ಜನ ಮೀನು ಹಿಡಿದ ಫೋಟೋ ಪೇಪರಿನಲ್ಲಿ ಬಂತು. ಹೆಸರಿನಲ್ಲೇ ಕೋಡಿ ಇರುವ ಊರು ಮುಳುಗಿದರೆ ಆಶ್ಚರ್ಯಪಟ್ಟರು! ಮುಂದಿನ ತಿಂಗಳೇ ಬುಲ್ಡೋಜರು ಬಂತು. ಇಲ್ಲೇ ನಮ್ಮ ಹತ್ತಿರದ ಅವನಿ ಶೃಂಗೇರಿ ನಗರದಲ್ಲಿ ಮನೆ ಕೆಡವಿದರು. ಅದಕ್ಕೂ ಹಿಂದೆ 2015ರ ಏಪ್ರಿಲಿನಲ್ಲಿ ಜೆ.ಪಿ. ನಗರದ ಸಾರಕ್ಕಿ ಕೆರೆಯಲ್ಲಿ ದೊಡ್ಡ ತೆರವು ನಡೆದಿತ್ತು. ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ: ಈ ಎರಡೂ ಕಡೆ ಮನೆ ಕಳೆದುಕೊಂಡವರಲ್ಲಿ ಬಹಳ ಜನ ನಮ್ಮವರಲ್ಲ. ಸಾಲ ಮಾಡಿ ಸೈಟು ಕೊಂಡ ಗುಮಾಸ್ತರು, ಮೇಷ್ಟ್ರುಗಳು. ಅವರ ಕೈಯಲ್ಲಿ ಖಾತೆ ಇತ್ತು, ತೆರಿಗೆ ರಸೀತಿ ಇತ್ತು. ಹಣ ತಿಂದು ಲೇಔಟು ಮಾಡಿದವನು, ಅದಕ್ಕೆ ಸೀಲು ಹಾಕಿದವನು ಇಬ್ಬರೂ ಮನೆಯಲ್ಲಿ ಆರಾಮಾಗಿದ್ದರು. ಅವರ ಕಣ್ಣೀರಿಗೆ ನಾನು ನಗಲಾರೆ. ಆದರೆ ಅವರಿಗಾದರೂ ಟಿ.ವಿ. ಕ್ಯಾಮೆರಾ ಬಂತು, ವಕೀಲರು ಬಂದರು. ತಗಡಿನ ಶೆಡ್ಡು ಕೆಡವಿದಾಗ ಬರುವುದು ಕಸದ ಲಾರಿ ಮಾತ್ರ. ಆ ವರ್ಷದ ತೆರವು ಹೆಸರಾಂತರ, ಹಣವಂತರ ಕಟ್ಟಡಗಳ ಹತ್ತಿರ ಬರುವ ಹೊತ್ತಿಗೆ ನಿಧಾನವಾಗಿ, ಆಮೇಲೆ ನಿಂತೇ ಹೋಯಿತು.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಕೋಟಿ ರೂಪಾಯಿಯ ವಿಲ್ಲಾಗಳಿಗೂ ನೀರು ನುಗ್ಗಿತು. ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಲೋಕವೆಲ್ಲ ನೋಡಿತು. ಅದೇ ನೀರು ಅದೇ ರಾತ್ರಿ ಅಲ್ಲಿನ ಶೆಡ್ಡುಗಳಿಗೂ ನುಗ್ಗಿತ್ತು. ಅವರಿಗೆ ಟ್ರ್ಯಾಕ್ಟರ್ ಬರಲಿಲ್ಲ. ಮತ್ತೆ 2024ರ ಬೇಸಿಗೆಗೆ ಎಲ್ಲ ತಿರುಗಾಮುರುಗಾ. ಸರ್ಕಾರದ ಲೆಕ್ಕದಲ್ಲೇ ನಗರದ ಸುಮಾರು 14 ಸಾವಿರ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿದವು. ಅವ್ವ ಕೆಲಸ ಬಿಟ್ಟು ಟ್ಯಾಂಕರಿಗೆ ಬಿಂದಿಗೆ ಸಾಲು ನಿಂತಳು. ಮಳೆಗಾಲದಲ್ಲಿ ನೀರು ನಿಲ್ಲಲು ಜಾಗ ಇಲ್ಲದ ಊರಿಗೆ ಬೇಸಿಗೆಯಲ್ಲಿ ನೀರು ಎಲ್ಲಿಂದ ಬರಬೇಕು?

ಇದೆಲ್ಲ ನೋಡಿಯೂ ಪಟ್ಟಣದ ಪ್ಲಾನು ಹಾಕುವವರು "ಸಮತೋಲನ" ಎಂಬ ಮಾತು ಆಡುತ್ತಾರೆ. ಒಂದು ತಟ್ಟೆಯಲ್ಲಿ ಕೆರೆ, ಒಂದು ತಟ್ಟೆಯಲ್ಲಿ ಅಭಿವೃದ್ಧಿ. ತಕ್ಕಡಿ ಹಿಡಿದವನು ಯಾರು ಅಂತ ನಾವು ಕೇಳಬೇಕು. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತ 75 ಮೀಟರ್ ಬಿಡಿ ಅಂದಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿ ಹಳೆಯ ಮಾಸ್ಟರ್ ಪ್ಲಾನಿನ 30 ಮೀಟರಿಗೇ ತಂದಿತು. 2025ರ ಆಗಸ್ಟಿನಲ್ಲಿ ವಿಧಾನಮಂಡಲ ಇನ್ನೊಂದು ತಿದ್ದುಪಡಿ ಮಸೂದೆ ಪಾಸು ಮಾಡಿತು. ಎಲ್ಲ ಕೆರೆಗೂ ಒಂದೇ 30 ಮೀಟರ್ ಯಾಕೆ, ಕೆರೆ ಚಿಕ್ಕದಾದರೆ ಬಿಡುವ ಜಾಗವೂ ಚಿಕ್ಕದಾಗಲಿ ಎಂಬುದು ಅದರ ಸಾರ. ನೋಡಿ, ಕೆರೆ ಚಿಕ್ಕದಾದದ್ದು ಒತ್ತುವರಿಯಿಂದ. ಚಿಕ್ಕದಾದ ತಪ್ಪಿಗೆ ಅದರ ಸುತ್ತಿನ ಜಾಗವೂ ಕಮ್ಮಿ!

ದಿಲ್ಲಿಯ ಕಾನೂನೂ ಹೀಗೇ. 2017ರ ಜೌಗು ಪ್ರದೇಶಗಳ ನಿಯಮಾವಳಿಯಲ್ಲಿ, ಕುಡಿಯುವ ನೀರಿಗೆ, ನೀರಾವರಿಗೆ ಅಂತ ಮನುಷ್ಯರು ಕಟ್ಟಿದ್ದು ಜೌಗು ಪ್ರದೇಶದ ಲೆಕ್ಕಕ್ಕೆ ಬರುವುದಿಲ್ಲ. ಬೆಂಗಳೂರಿನ ಕೆರೆಗಳೆಲ್ಲ ಮನುಷ್ಯರು ಕಟ್ಟಿದವೇ. ತಮಾಷೆ ಏನೆಂದರೆ 2024ರಲ್ಲಿ ನಮ್ಮದೇ ರಾಜ್ಯದ ಅಂಕಸಮುದ್ರ, ಮಾಗಡಿ ಕೆರೆಗಳಿಗೆ ರಾಮ್‌ಸರ್ ಪಟ್ಟಿಯ ಅಂತರರಾಷ್ಟ್ರೀಯ ಗೌರವ ಸಿಕ್ಕಿತು. ಅವೂ ನೀರಾವರಿಗೆ ಕಟ್ಟಿದ ಕೆರೆಗಳೇ. ದೂರದ ದೇಶದ ಹಕ್ಕಿ ಬಂದು ಇಳಿದರೆ ಕೆರೆಗೆ ಮರ್ಯಾದೆ. ಮಂಕರಿ ಹೊತ್ತು ಕಟ್ಟಿದ ಕಾರಣಕ್ಕೆ ಅದೇ ಕೆರೆ ಕಾನೂನಿನಿಂದ ಹೊರಗೆ.

ಕೊಳಚೆಯ ಮಾತು ಎತ್ತದಿದ್ದರೆ ಈ ಲೇಖನ ಅಪೂರ್ಣ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಬಸವಲಿಂಗಪ್ಪನವರು 1970ರ ದಶಕದಲ್ಲಿ ಮಂತ್ರಿಯಾಗಿದ್ದಾಗ ನಿಲ್ಲಿಸಿದರು. ನಮ್ಮ ತಲೆಯಿಂದ ಇಳಿದ ಮಲ ಎಲ್ಲಿಗೆ ಹೋಯಿತು? ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಬೆಳ್ಳಂದೂರಿನಲ್ಲಿ ನೊರೆ ರಸ್ತೆಗೆ ಹಾರಿತು, 2017ರಲ್ಲಿ, 2018ರಲ್ಲಿ ಕೆರೆಗೇ ಬೆಂಕಿ ಬಿತ್ತು. ನೀರಿಗೆ ಬೆಂಕಿ ಬೀಳುವ ಊರು ನಮ್ಮದು. 2018ರ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ಸರ್ಕಾರಕ್ಕೆ 50 ಕೋಟಿ ದಂಡ ಹಾಕಿತು. ಅಪಾರ್ಟ್‌ಮೆಂಟುಗಳು ತಮ್ಮ ಕೊಳಚೆಯನ್ನು ತಾವೇ ಶುದ್ಧ ಮಾಡಿಕೊಳ್ಳಬೇಕು ಅಂತ ನಿಯಮ ಬಂತು, ಸರಿ. ಆ ಗುಂಡಿಗೆ ಇಳಿಯುವವರು ಯಾರು? 2018ರ ಜನವರಿಯಲ್ಲಿ ಸೋಮಸುಂದರಪಾಳ್ಯದ ಒಂದು ಅಪಾರ್ಟ್‌ಮೆಂಟಿನ ಅಂಥ ಗುಂಡಿಯಲ್ಲಿ ಮೂವರು ಸತ್ತರು. ಮನುಷ್ಯರನ್ನು ಇಳಿಸಬಾರದು ಅಂತ 2013ರಲ್ಲೇ ಕಾನೂನು ಆಗಿತ್ತು. ಕೆರೆ ಶುದ್ಧವಾಗಬೇಕು ಎಂದು ಸಹಿ ಸಂಗ್ರಹಿಸುವ ಅಕ್ಕಂದಿರು, ಅಣ್ಣಂದಿರು ಮೊದಲು ತಮ್ಮ ನೆಲಮಾಳಿಗೆಯ ಗುಂಡಿಗೆ ಯಾರು ಇಳಿಯುತ್ತಾರೆ ಎಂದು ವಾಚ್‌ಮನ್ನನ್ನು ಕೇಳಲಿ. ಇನ್ನು 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಅದೇ ವರ್ಷ ಅಲ್ಲಿ ನೊರೆ ಕಂಡು ಹೈಕೋರ್ಟು ಸ್ವಲ್ಪ ದಿನ ತಡೆ ಹಾಕಿತ್ತು. ಬರದ ನಾಡಿಗೆ ನೀರು ಬಂತು ಎಂದು ಸಂತೋಷಪಡುವ ರೈತರಿದ್ದಾರೆ, ಅವರ ಸಂತೋಷ ಸುಳ್ಳಲ್ಲ. ಆದರೂ ಪಟ್ಟಣ ಉಂಡು ಕೈ ತೊಳೆದ ನೀರು ಹಳ್ಳಿಗೆ ಎಂಬುದು ನನಗೆ ಎಲ್ಲೋ ಕೇಳಿದ ಹಳೆಯ ರಾಗ.

ಇಷ್ಟು ಹೇಳಿ ಈಗ ಅಣ್ಣನ ಸೈಟಿನ ಮಾತಿಗೆ ಬರುತ್ತೇನೆ. ಕೆರೆ ಅಂಗಳದಲ್ಲಿ ನೂರು ಸೈಟು ಕೊಟ್ಟರು ಅಂತಲೇ ಇಟ್ಟುಕೊಳ್ಳಿ. ಮೊದಲ ದೊಡ್ಡ ಮಳೆಗೆ ಯಾರ ಒಲೆ ತೇಲುತ್ತದೆ? ಮನೆ ಕಟ್ಟಿ ಹತ್ತು ವರ್ಷಕ್ಕೆ ಕೋರ್ಟಿನ ಆರ್ಡರು ಬಂದರೆ ಯಾರ ಗೋಡೆ ಮೊದಲು ಬೀಳುತ್ತದೆ? ಊರಿನವರು ನಮ್ಮನ್ನು ಊರಾಚೆ ತಗ್ಗಿಗೆ ಹಾಕಿದ್ದರು. ಈಗ ನಾವೇ ಅರ್ಜಿ ಬರೆದು ತಗ್ಗು ಕೇಳುವುದೇ? ಸೈಟು ಬೇಕು, ಖಂಡಿತ ಬೇಕು, ಆದರೆ ದಿಣ್ಣೆಯ ಮೇಲೆ ಬೇಕು. ಭೂಮಿ ಇಲ್ಲ ಅಂದರೆ ನಂಬಬೇಡಿ. ನೈಸ್ ಯೋಜನೆಗೆ ಹೋದ ಹೆಚ್ಚುವರಿ ಭೂಮಿಯ ಬಗ್ಗೆ 2016ರಲ್ಲಿ ಸದನ ಸಮಿತಿಯೇ ವರದಿ ಕೊಟ್ಟಿದೆ. ಮೊದಲು ಆ ಕಡತ ಬಿಚ್ಚಲಿ.

ಸಹಿ ಸಂಗ್ರಹದವರಿಗೂ ಒಂದು ಮಾತು. ನಿಮ್ಮ ಪೈಕಿ ಕೆಲವರು ನಿಜವಾಗಿ ಹೋರಾಡಿದ್ದೀರಿ. ನಾಗವಾರ, ಹೆಬ್ಬಾಳ, ಅಗರ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ 2008ರಲ್ಲಿ ಹೈಕೋರ್ಟಿಗೆ ಹೋದವರಿದ್ದಾರೆ, 2012ರಲ್ಲಿ ಒಳ್ಳೆಯ ತೀರ್ಪು ತಂದರು. ನಾವು ಅವತ್ತು ಜೊತೆಗೆ ನಿಲ್ಲಬೇಕಿತ್ತು. ಆದರೆ ನೀವು ಕೆರೆ ಉಳಿಸಿದಿರಿ ಎಂದು ತೋರಿಸುವ ಕಡೆಯಲ್ಲೆಲ್ಲ ನಾನು ನೋಡುವುದು ತಂತಿಬೇಲಿ, ಗೇಟು, ಟೈಮಿನ ಬೋರ್ಡು, ಇಂಟರ್‌ಲಾಕ್ ಇಟ್ಟಿಗೆಯ ದಾರಿ. ಹುಲ್ಲು ಕೊಯ್ಯುತ್ತಿದ್ದ ಮುದುಕಿ ಎಲ್ಲಿ ಹೋದಳು? ಎಮ್ಮೆ ಎಲ್ಲಿ ಮೈ ತೊಳೆಯಬೇಕು? ಬಟ್ಟೆ ಒಗೆಯುತ್ತಿದ್ದ ಮಡಿವಾಳರು, ಗಾಳ ಹಾಕುತ್ತಿದ್ದ ಹುಡುಗ ಒಳಗೆ ಕಾಲಿಟ್ಟರೆ ಸೀಟಿ ಊದುತ್ತಾರೆ. ಸೀಟಿ ಊದುವ ಗಾರ್ಡೂ ನಮ್ಮವನೇ, ಅದು ಇನ್ನೊಂದು ಸಂಕಟ. ಮಹಾಡದಲ್ಲಿ ಗಂಜಲ ಸುರಿದು ನಮ್ಮನ್ನು ದೂರ ಇಟ್ಟರು. ಇಲ್ಲಿ ಬೇಲಿ ಹಾಕಿ ಇಡುತ್ತೀರಿ.

ನಾನು ಸಹಿ ಹಾಕಲು ಸಿದ್ಧ. ಅರ್ಜಿಯಲ್ಲಿ ನಮ್ಮ ಮಾತೂ ಬರೆಯಲಿ. ಸರ್ವೇ ಮೇಲಿನಿಂದ ಶುರುವಾಗಲಿ, ರಸ್ತೆ, ಲೇಔಟು, ಅಪಾರ್ಟ್‌ಮೆಂಟುಗಳನ್ನು ಮೊದಲು ಅಳೆಯಲಿ, ಶೆಡ್ಡುಗಳನ್ನು ಕೊನೆಗೆ. ಶೆಡ್ಡಿನವರಿಗೆ ಒಣನೆಲದಲ್ಲಿ, ಕೂಲಿ ಸಿಕ್ಕುವ ದೂರದಲ್ಲಿ ಮನೆಯ ಬೀಗದ ಕೈ ಕೊಟ್ಟ ಮೇಲೆಯೇ ಜಾಗ ಬಿಡಿಸಲಿ. 30 ಮೀಟರಿನಲ್ಲಿ ಒಂದು ಗೇಣೂ ಕಮ್ಮಿ ಆಗದಿರಲಿ, ಆ ಗೇಣು ಹೋದರೆ ಮೊದಲು ಮುಳುಗುವವರು ನಾವು. ಕೆರೆಯ ಸಮಿತಿಯಲ್ಲಿ ಹುಲ್ಲು ಕೊಯ್ಯುವವಳೂ ಇರಲಿ. ಮತ್ತು ಪ್ರತಿ ಕೆರೆಗೂ ನೀರುಗಂಟಿ ಹುದ್ದೆ ಹುಟ್ಟಲಿ. ಜಾತಿಯಿಂದ ಬರುವ ಚಾಕರಿ ಬೇಡ, ಆ ಹೆಸರಿನಲ್ಲಿ ನಮ್ಮ ಹುಡುಗರನ್ನೇ ಮತ್ತೆ ಏರಿಗೆ ಕಟ್ಟಿಹಾಕುವುದು ಬೇಡವೇ ಬೇಡ. ಖಾಯಂ ಸಂಬಳ, ಪಿಂಚಣಿ, ಏರಿ ಮುಟ್ಟಿದವನ ಮೇಲೆ ಕೇಸು ಬರೆಯುವ ಅಧಿಕಾರ ಇರುವ ಸರ್ಕಾರಿ ಹುದ್ದೆ. ಯಾರು ಬೇಕಾದರೂ ಪರೀಕ್ಷೆ ಬರೆದು ಬರಲಿ, ಬ್ರಾಹ್ಮಣರ ಹುಡುಗ ಬಂದು ತೂಬು ಎತ್ತಿದರೆ ನನಗಂತೂ ಸಂತೋಷ.

ಮುಂದಿನ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಾವು ನಾಲ್ಕೈದು ಹುಡುಗರು ಗೊಟ್ಟಿಗೆರೆ ಕೋಡಿಯಿಂದ ಹುಳಿಮಾವಿನ ತನಕ ಕಾಲುವೆ ಹಿಡಿದು ನಡೆಯುತ್ತೇವೆ. ನಕಾಶೆಯಲ್ಲಿ ಕಾಲುವೆ ಎಲ್ಲಿದೆ, ನೆಲದಲ್ಲಿ ಎಲ್ಲಿದೆ, ಯಾರ ಕಾಂಪೌಂಡಿನ ಕೆಳಗೆ ಹೋಗಿ ಮಾಯವಾಗಿದೆ ಎಂದು ಬರೆದುಕೊಂಡು ಮುಂದಿನ ಸಂಚಿಕೆಗೆ ಕೊಡುತ್ತೇವೆ. ಅವ್ವ ರೊಟ್ಟಿ ಕಟ್ಟಿಕೊಡುತ್ತೇನೆ ಅಂದಿದ್ದಾಳೆ. ತಾತ ಎಲ್ಲಿ ತೂಬಿಗೆ ಇಳಿಯುತ್ತಿದ್ದ ಎಂದು ತೋರಿಸಲು ಒಂದಷ್ಟು ದೂರ ಅವಳೂ ಬರುತ್ತಾಳಂತೆ. ಅಣ್ಣಾ, ನೀವೂ ಬನ್ನಿ, ದಾರಿಯಲ್ಲಿ ಜಗಳ ಆಡೋಣ. ಹಳೆಯ ಗ್ರಾಮ ನಕಾಶೆ ನನ್ನ ಹತ್ತಿರ ಇದೆ. ಅಳತೆ ಟೇಪು ನೀವು ತನ್ನಿ.

ಜೈ ಭೀಮ್.